ಹಗ್ಗ ಎಳೆಯುವ ಮೊದಲು

ರಾಯಬಂದರದಲ್ಲಿ ನಮ್ಮ ಮನೆಯ ಹಿತ್ತಲು ದಾಟಿದರೆ ಮಾಂಡೋವಿ ಹೊಳೆ. ನಸುಕಿನಲ್ಲಿ ಅಲ್ಲಿಂದ ಒಂದು ಸದ್ದು ಬರುತ್ತದೆ. ಗರ್ರ್ ಎಂದು ಹಗ್ಗ ಬಿಚ್ಚಿಕೊಳ್ಳುತ್ತದೆ, ಇಂಜಿನ್ನು ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ, ಹಗ್ಗ ತಾನಾಗಿ ಒಳಗೆ ಸುತ್ತಿಕೊಳ್ಳುತ್ತದೆ. ಮತ್ತೆ ಗರ್ರ್. ನಿದ್ದೆ ಹೋದರೆ ಹೋಗಲಿ, ಇಂಜಿನ್ನು ಚಾಲೂ ಆಗಲಿಲ್ಲವಲ್ಲ ಎಂದು ನನಗೆ ಮಲಗಿರಲಾಗುವುದಿಲ್ಲ. ಪಕ್ಕದ ಮನೆಯ ಕಾಕಾ ನೀರು ತಿರುಗುವುದರೊಳಗೆ ಎದುರಿನ ಚೊಡಣ ನಡುಗಡ್ಡೆಯ ಕಾಂಡ್ಲಾ ಗಿಡಗಳ ಸಾಲಿನ ಹತ್ತಿರ ಹೋಗಿ ರಾತ್ರಿ ಬಿಟ್ಟ ಬಲೆ ಎತ್ತಬೇಕು. ತಡವಾದರೆ ಬಲೆಗೆ ಬಿದ್ದ ಶೆವಟೆ ಮೀನನ್ನು ಏಡಿ ಕಡಿದು ಹಾಕಿರುತ್ತದೆ. ಅರ್ಧ ಕಡಿದ ಮೀನು ಪಣಜಿಯ ಮಾರುಕಟ್ಟೆಗೆ ಹೋಗುವುದಿಲ್ಲ, ಮನೆಯ ಹುಮಣದ ಸಾರಿಗೆ ಹೋಗುತ್ತದೆ.

ಇಂಜಿನ್ನು ಹಳೆಯದು. ಎರಡು ಸ್ಟ್ರೋಕಿನದು, ಸೀಮೆಎಣ್ಣೆಯ ಮೇಲೆ ಓಡುವಂಥದು. ದೋಣಿಯ ಹಿಂದಿನ ಹಲಗೆಗೆ ಎರಡು ತಿರುಪಿನಿಂದ ಬಿಗಿದು ನಿಲ್ಲಿಸಿದ್ದಾರೆ. ಮೇಲಿನ ಟೊಪ್ಪಿಗೆಯ ಬಣ್ಣ ಬಿಸಿಲಿಗೆ ಹೋಗಿ ಸುಣ್ಣದ ಗೋಡೆಯ ಮಾಸಲು ಬಂದಿದೆ. ಅದರ ಕೊಂಡಿ ಮುರಿದಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದಾರೆ. ಹೊಳೆಯ ಮೇಲೆ ಓಡಾಡುವವರೆಲ್ಲ ಇದನ್ನು ಮಶೀನ್ ಎನ್ನುತ್ತಾರೆ. ಧಾರವಾಡದಿಂದ ಇಲ್ಲಿಗೆ ಮಾಸ್ತರಿಕೆಗೆ ಬಂದು ನೆಲೆನಿಂತ ನಾನು ಇಂಥ ಮಶೀನನ್ನು ಹತ್ತಿರದಿಂದ ನೋಡಿದ್ದೇ ಕಾಕಾನಿಂದ. ನೋಡುತ್ತ ನೋಡುತ್ತ ಅದರ ಮೇಲೆ ಪ್ರೀತಿಯೇ ಬಂದುಬಿಟ್ಟಿದೆ.

ಚಾಲೂ ಆಗದ ಇಂಜಿನ್ನಿನ ಮುಂದೆ ಕಾಕಾ ಸಿಟ್ಟು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಎರಡು ಮೂರು ಸಲ ಎಳೆದು ಬಿಡುತ್ತಾರೆ. ಆಮೇಲೆ ಹಗ್ಗ ಮುಟ್ಟುವುದಿಲ್ಲ, ಕೈ ಬೇರೆ ಕಡೆ ಹೋಗುತ್ತದೆ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆಂದು ಒಂದು ಸಣ್ಣ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿ ಸೇರದೆ ಎಣ್ಣೆ ಹೊರಗೆ ಬರುವುದಿಲ್ಲ. ಅದನ್ನು ನೋಡುತ್ತಾರೆ. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯ ನಡುವೆ ರಬ್ಬರಿನ ಬುಡ್ಡೆಯೊಂದಿದೆ. ಅದು ಕೈಗೆ ಗಟ್ಟಿಯಾಗಿ ಸಿಗುವ ತನಕ ಹಿಚುಕುತ್ತಾರೆ. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಸೇರುತ್ತಿದೆ ಎಂದರ್ಥ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಇಂಜಿನ್ನು ನಿಲ್ಲಿಸುವ ಗುಂಡಿಯ ತಂತಿ ಉಪ್ಪುನೀರಿಗೆ ಹಸಿರುಗಟ್ಟಿ ಕಬ್ಬಿಣಕ್ಕೆ ತಾಗಿಕೊಂಡಿದೆಯೇ, ಚೋಕ್ ಪೂರ್ತಿ ಹೊರಗೆ ಬಂದಿದೆಯೇ, ಎಲ್ಲವನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಆ ಕತ್ತಲಲ್ಲಿ ಕಣ್ಣಿಗಿಂತ ಬೆರಳಿಗೇ ಹೆಚ್ಚು ಕೆಲಸ. ಹೆಚ್ಚಿನ ದಿನ ತೊಂದರೆ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ.

ಸಿಗದ ದಿನ ಮಾಲಿಂ ಜೆಟ್ಟಿಯ ಹತ್ತಿರದ ಮಿಸ್ತ್ರಿಗೆ ಫೋನು ಹೋಗುತ್ತದೆ. ಆತ ರೋಣ ತಾಲೂಕಿನವನು. ಹುಡುಗನಾಗಿದ್ದಾಗ ಅಪ್ಪನ ಜೊತೆ ಕಲ್ಲು ಒಡೆಯುವ ಕೆಲಸಕ್ಕೆ ಗೋವಾಕ್ಕೆ ಬಂದವನು, ಸ್ಕೂಟರ್ ಗ್ಯಾರೇಜಿನಲ್ಲಿ ಕೈ ಪಳಗಿಸಿ ಕೊನೆಗೆ ದೋಣಿ ಇಂಜಿನ್ನಿಗೆ ಬಂದು ನಿಂತ. ಬಯಲುಸೀಮೆಯ ಕರಿಮಣ್ಣಿನ ಹುಡುಗ ಉಪ್ಪುನೀರಿನ ಯಂತ್ರದ ವೈದ್ಯನಾದ ಬಗೆ ನನಗೆ ಎಂದಿಗೂ ಸೋಜಿಗ. ಆದರೆ ಹೊಳೆಗಳ ಲೆಕ್ಕದಲ್ಲಿ ನೋಡಿದರೆ ಅವನು ದೂರದವನಲ್ಲ. ಅವನ ಊರ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಇಲ್ಲಿ ಮಾಂಡೋವಿ ಎನಿಸಿಕೊಂಡ ನಮ್ಮ ಮಹದಾಯಿ ಹುಟ್ಟುವುದೂ ಅದೇ ಖಾನಾಪುರದ ಕಾಡಿನಲ್ಲಿ. ಒಂದು ಮೂಡಣಕ್ಕೆ ಇಳಿದು ಅವನೂರಿಗೆ ಹೋಯಿತು, ಇನ್ನೊಂದು ಪಡುವಣಕ್ಕೆ ಇಳಿದು ಕಾಕಾನ ದೋಣಿಯ ಕೆಳಗೆ ಬಂತು. ಇದನ್ನು ಅವನಿಗೆ ಹೇಳಿದಾಗ ಪಾನಾ ಕೆಳಗಿಟ್ಟು ಹೊಳೆಯನ್ನೇ ಸ್ವಲ್ಪ ಹೊತ್ತು ನೋಡಿದ. "ಹಂಗಾರ ಇದೂ ನಮ್ಮ ನೀರ ಅಂತೀರಿ" ಅಂದು ಮತ್ತೆ ಪಾನಾ ಎತ್ತಿಕೊಂಡ.

ಅವನ ವಿದ್ಯೆ ಬಹಳ ನೇರ. "ಮೂರ ಅದಾವ್ರೀ ಸರ. ಎಣ್ಣಿ, ಕಿಡಿ, ಗಾಳಿ. ಮೂರೂ ಹೊತ್ತಿಗೆ ಸರಿಯಾಗಿ ಕೂಡಿದ್ರ ಚಾಲೂ ಆಗದ ಎಲ್ಲಿ ಹೊಕ್ಕತ್ರೀ? ಜಗ್ಗೂದು ಆಮ್ಯಾಲ, ಮೊದಲ ಮೂಸಿ ನೋಡ್ರಿ." ಟೊಪ್ಪಿಗೆ ತೆಗೆದು ಅವನು ಮೊದಲು ಮಾಡುವುದೇ ಅದು. ಸೀಮೆಎಣ್ಣೆಯ ಇಂಜಿನ್ನಾದರೂ ಚಾಲೂ ಮಾಡುವುದು ಪೆಟ್ರೋಲಿನಲ್ಲಿ. ಅದರ ವಾಸನೆ ಜೋರಾಗಿ ಹೊಡೆದರೆ ಇಂಜಿನ್ನು ಎಣ್ಣೆ ಕುಡಿದು ತೊಯ್ದಿದೆ. ಆಗ ಚೋಕ್ ಒಳಗೆ ತಳ್ಳಿ, ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ, ಹಿಡಿಕೆಯನ್ನು ಪೂರ್ತಿ ತಿರುಗಿಸಿಟ್ಟು ಎಳೆಯಬೇಕು. ವಾಸನೆಯೇ ಇಲ್ಲದಿದ್ದರೆ ಎಣ್ಣೆ ಒಳಗೆ ಬರುತ್ತಲೇ ಇಲ್ಲ. ಎರಡಕ್ಕೂ ಮದ್ದು ತದ್ವಿರುದ್ಧ. ಗೊತ್ತಿಲ್ಲದೆ ಎಳೆಯುತ್ತ ಹೋದವನು ಮೊದಲನೆಯ ರೋಗಕ್ಕೆ ಇನ್ನಷ್ಟು ಎಣ್ಣೆ ಕುಡಿಸುತ್ತಾನೆ.

ಆಮೇಲೆ ಕಿಡಿ. ಪ್ಲಗ್ ಬಿಚ್ಚಿ, ಟೊಪ್ಪಿಗೆಯ ನೆರಳಿನಲ್ಲಿ ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ, ಕಾಕಾನಿಗೆ ಹಗ್ಗ ಎಳೆಯಲು ಹೇಳುತ್ತಾನೆ. ಬಟ್ಟೆ ಯಾಕೆಂದರೆ ಆ ತೂತಿನಿಂದ ಚಿಮ್ಮುವ ಪೆಟ್ರೋಲಿನ ಆವಿಗೆ ಪಕ್ಕದಲ್ಲೇ ಹಾರುವ ಕಿಡಿ ತಾಗಿದರೆ ಮುಖ ಸುಡುತ್ತದೆ. ದಪ್ಪ ನೀಲಿ ಕಿಡಿ ಚಟ್ಟನೆ ಹಾರಿದರೆ ಸರಿ, ತೆಳ್ಳಗೆ ಹಳದಿಯಾಗಿ ಹಾರಿದರೆ ಕಾಯಿಲ್ ಸೋತಿದೆ, ಇಲ್ಲವೇ ಎಲ್ಲೋ ತಂತಿಯ ಕೊನೆ ತುಕ್ಕು ಹಿಡಿದಿದೆ. ಇಂಥ ಇಂಜಿನ್ನಿಗೆ ಬ್ಯಾಟರಿ ಇರುವುದಿಲ್ಲ. ಮೇಲಿನ ಫ್ಲೈವೀಲಿನ ಒಳಬದಿಗೆ ಅಯಸ್ಕಾಂತಗಳಿವೆ. ಅವು ತಾಮ್ರದ ಸುರುಳಿಯ ಎದುರು ಹಾದುಹೋದಾಗ ಕರೆಂಟು ಹುಟ್ಟಿ ಕಿಡಿಯಾಗುತ್ತದೆ. ಚಕ್ರ ನಿಧಾನ ತಿರುಗಿದರೆ ಕಿಡಿಯೇ ಇಲ್ಲ. ಹಗ್ಗವನ್ನು ಅಷ್ಟು ಬಿರುಸಿನಿಂದ ಎಳೆಯುವುದು ಅದಕ್ಕೇ. ಬೆಳಗಿನ ಮೊದಲ ಕಿಡಿ ಮನುಷ್ಯನ ತೋಳಿನಿಂದ ಹುಟ್ಟಿದ್ದು ಎಂಬುದು ತಿಳಿದಮೇಲೆ ನನಗೆ ಆ ಗರ್ರ್ ಸದ್ದಿನ ಮೇಲೆ ಗೌರವ ಬಂದಿತು.

ಎಣ್ಣೆಯೂ ಇದೆ, ಕಿಡಿಯೂ ಇದೆ, ಆದರೂ ಚಾಲೂ ಆಗದು ಎಂದರೆ ಕಾರ್ಬೊರೇಟರ್ ಬಿಚ್ಚುವ ದಿನ. ತಳದ ಬಟ್ಟಲಿನ ತಿರುಪು ಸಡಿಲಿಸಿ ಅಲ್ಲಿದ್ದುದನ್ನು ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯುತ್ತಾನೆ. ನೀರು ಸೇರಿದ್ದರೆ ಪೆಟ್ರೋಲಿನ ಕೆಳಗೆ ಗುಂಡುಗುಂಡಾಗಿ ಕಾಣುತ್ತದೆ. ಆಮೇಲೆ ಜೆಟ್ಟು. ಹಿತ್ತಾಳೆಯ ತುಂಡು, ನಡುವೆ ಕಣ್ಣಿಗೆ ಕಂಡೂ ಕಾಣದ ತೂತು. ಇಂಜಿನ್ನಿಗೆ ಸೇರುವ ಎಣ್ಣೆಯೆಲ್ಲ ಇಂಥ ತೂತುಗಳಿಂದಲೇ ಹೋಗಬೇಕು. ವಾರಗಟ್ಟಲೆ ಓಡಿಸದೆ ಬಿಟ್ಟರೆ ಪೆಟ್ರೋಲು ಆರಿ, ಉಳಿದ ಜಿಡ್ಡು ಅರಗಿನಂತೆ ಗಟ್ಟಿಯಾಗಿ ತೂತು ಕಟ್ಟುತ್ತದೆ. ಅದನ್ನು ಬಿಡಿಸಲು ನನಗೆ ಮೊದಲು ನೆನಪಾದದ್ದು ಸ್ಟೋ ಪಿನ್ನು. ಅದನ್ನು ಹೇಳಿದೊಡನೆ ಆತ ತಡೆದ. "ಪಿನ್ ಹಾಕಬ್ಯಾಡ್ರಿ. ಉಕ್ಕಿನ ಪಿನ್ನು, ಹಿತ್ತಾಳಿ ತೂತು. ತೂತು ದೊಡ್ಡದಾದ್ರ ಮತ್ತ ಹೊಸ ಜೆಟ್ಟ ಗತಿ." ವೈರಿನ ತುದಿ ಸುಲಿದು ಒಂದೇ ಎಳೆ ತಾಮ್ರ ತೆಗೆದು, ಅದನ್ನು ತೂರಿಸಿ, ಬಾಯಲ್ಲಿ ಊದಿ, ಸೂರ್ಯನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ತೂತು ದುಂಡಗೆ ಕಂಡಾಗ ಅವನ ಮುಖ ಅರಳಿತು.

ಸ್ಟೋ ಪಿನ್ನು ಎಂದೆನಲ್ಲ. ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಹಿತ್ತಾಳೆಯ ಪಂಪು ಸ್ಟೋ ಇತ್ತು. ಅವ್ವ ಅದರ ಬಟ್ಟಲಿಗೆ ಮೊದಲು ಸ್ವಲ್ಪ ಸ್ಪಿರಿಟ್ ಹಾಕಿ ಕಡ್ಡಿ ಗೀರುತ್ತಿದ್ದಳು. ನೀಲಿ ಉರಿ ತಲೆಯನ್ನು ಕಾಯಿಸಿದ ಮೇಲೆಯೇ ಪಂಪು ಹೊಡೆಯಬೇಕು. ಅವಸರ ಮಾಡಿದರೆ ಸೀಮೆಎಣ್ಣೆ ಆವಿಯಾಗದೆ ಹಸಿಯಾಗಿ ಚಿಮ್ಮಿ ಹಳದಿ ಜ್ವಾಲೆ ಮಾಡಿನ ತನಕ ಏಳುತ್ತಿತ್ತು. ಪರೀಕ್ಷೆಯ ದಿನ ನಾವು ಚಹಾಕ್ಕೆ ಎಷ್ಟೇ ಗಡಿಬಿಡಿ ಮಾಡಿದರೂ ಅವ್ವ ಸ್ಪಿರಿಟ್ಟು ಪೂರ್ತಿ ಉರಿಯುವ ತನಕ ಕೈಕಟ್ಟಿ ನಿಂತಿರುತ್ತಿದ್ದಳು. ಅವಳ ಆ ನಿಲುವು ನನಗೆ ಪೂರ್ತಿ ಅರ್ಥವಾದದ್ದು ಕಾಕಾನ ದೋಣಿಯಲ್ಲಿ ಕೂತಾಗ. ಸೀಮೆಎಣ್ಣೆಯ ಇಂಜಿನ್ನೂ ಅದೇ ಸ್ಟೋ. ಅದಕ್ಕೆ ಎರಡು ಟ್ಯಾಂಕು, ಸಣ್ಣದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಸೀಮೆಎಣ್ಣೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಅದಕ್ಕೆ 38 ಡಿಗ್ರಿಯಾದರೂ ಬೇಕು. ತಣ್ಣಗಿನ ಇಂಜಿನ್ನು ಅದನ್ನು ಹೊತ್ತಿಸಲಾರದು. ಹಾಗಾಗಿ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಇಂಜಿನ್ನು ಕಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ದಾಟುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಹಿಂತಿರುಗುವಾಗ ಇದೆ. ದಂಡೆ ಕಣ್ಣಿಗೆ ಬಿದ್ದೊಡನೆ ಕಾಕಾ ನಲ್ಲಿಯನ್ನು ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಾರೆ. ಉಳಿದ ದಾರಿ ಪೆಟ್ರೋಲಿನಲ್ಲೇ ಬಂದು, ಕೊಳವೆ ಮತ್ತು ಕಾರ್ಬೊರೇಟರಿನಲ್ಲಿದ್ದ ಸೀಮೆಎಣ್ಣೆಯೆಲ್ಲ ಉರಿದುಹೋಗುವಂತೆ ನೋಡಿಕೊಳ್ಳುತ್ತಾರೆ. ಸೀಮೆಎಣ್ಣೆ ಒಳಗೆ ಉಳಿದರೆ ನಾಳೆ ಬೆಳಿಗ್ಗೆ ಯಾವ ಪೈಲ್ವಾನ ಎಳೆದರೂ ಇಂಜಿನ್ನು ಏಳುವುದಿಲ್ಲ. ಬಂದಮೇಲೆ ಇಂಜಿನ್ನಿನ ಕಾಲನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ನೀರಿನ ದಾರಿಯಲ್ಲಿ ನಿಂತ ಉಪ್ಪನ್ನು ತೊಳೆಯುತ್ತಾರೆ. ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಸಲೀಸಾಗಿ ಚಿಮ್ಮುತ್ತಿದೆಯೇ ಎಂದು ಬೆರಳು ಒಡ್ಡಿ ನೋಡುತ್ತಾರೆ. ಅದು ಕಡಿಮೆಯಾದರೆ ಒಳಗಿನ ರಬ್ಬರಿನ ಪಂಪು ಸವೆದಿದೆ. ಕೊನೆಗೆ ಎಣ್ಣೆಯ ಕೊಳವೆ ಕಳಚಿ, ಕಾರ್ಬೊರೇಟರಿನ ಬಟ್ಟಲು ಬರಿದಾಗಿ ಇಂಜಿನ್ನು ತಾನೇ ನಿಲ್ಲುವ ತನಕ ಕಾಯುತ್ತಾರೆ. ದಿನವಿಡೀ ದುಡಿದು ಸೊಂಟ ಹಿಡಿದಿರುತ್ತದೆ, ಮನೆಯಲ್ಲಿ ಗಂಜಿ ಆರುತ್ತಿರುತ್ತದೆ. ಆದರೂ ಇದಾವುದನ್ನೂ ಬಿಡುವುದಿಲ್ಲ. ಬೆಳಗಿನ ಎಳೆತ ನೋಡಿ ಬಲ ಅಳೆಯುವ ಹುಡುಗರು ಈ ಸಂಜೆಯ ಕೆಲಸವನ್ನು ನೋಡುವುದೇ ಇಲ್ಲ. ನನಗಂತೂ ಚಾಲೂ ಆಗುವುದು ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ ಎನಿಸುತ್ತದೆ.

ದೋಣಿಯ ಬಾಲಕ್ಕೆ ಇಂಜಿನ್ನು ಸಿಕ್ಕಿಸುವ ಯೋಚನೆ ಹಲವರಿಗೆ ಬಂದಿತ್ತು. ಅದನ್ನು ಮನೆಮಾತು ಮಾಡಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್‌ರೂಡ್. 1906ರ ಬೇಸಗೆಯಲ್ಲಿ ಸರೋವರದ ನಡುಗಡ್ಡೆಯಲ್ಲಿ ಗೆಳೆಯರೊಡನೆ ಊಟಕ್ಕೆ ಕೂತಿದ್ದಾಗ ಬೆಸ್ ಎಂಬ ಹುಡುಗಿ ಐಸ್‌ಕ್ರೀಮ್ ಬೇಕೆಂದಳಂತೆ. ಇವನು ಹುಟ್ಟು ಹಾಕಿಕೊಂಡು ದಂಡೆಗೆ ಹೋಗಿ ತರುವಷ್ಟರಲ್ಲಿ ಅದು ಕರಗಿಹೋಗಿತ್ತಂತೆ. ಆ ಬೆಸ್ ಮುಂದೆ ಅವನ ಹೆಂಡತಿಯಾದಳು, ಅವನ ವ್ಯಾಪಾರದ ಪತ್ರ, ಜಾಹೀರಾತು ಎಲ್ಲ ನೋಡಿಕೊಂಡಳು. 1909ರಲ್ಲಿ ಅವರು ಮಾರತೊಡಗಿದ ಇಂಜಿನ್ನು ಒಂದೂವರೆ ಅಶ್ವಶಕ್ತಿಯದು, ತೂಕ 62 ಪೌಂಡು, ಬೆಲೆ 62 ಡಾಲರು. ಚಕ್ರದ ಮೇಲಿನ ಗುಬುಟು ಹಿಡಿದು ಕೈಯಿಂದಲೇ ತಿರುಗಿಸಿ ಚಾಲೂ ಮಾಡಬೇಕಿತ್ತು. ಈ ಕಥೆಯನ್ನು ಕಾಕಾನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹೋಗುವಾಗ ಗಾಳಿ ಎದುರಿತ್ತೋ, ಬರುವಾಗಲೋ?" ಹುಟ್ಟು ಹಾಕಿ ಗೊತ್ತಿದ್ದವರಿಗಷ್ಟೇ ಆ ಪ್ರಶ್ನೆ ಹೊಳೆಯುತ್ತದೆ.

ಕಾಕಾ ಹುಟ್ಟು ಹಾಕಿದ ಕಾಲ ದೊಡ್ಡದೇ. 1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡೋವಿಯ ಸೇತುವೆ ಕುಸಿದುಬಿತ್ತು. ಹೊಸದು ಬರುವಷ್ಟರಲ್ಲಿ 1992 ಆಯಿತು. ಆ ವರ್ಷಗಳಲ್ಲಿ ಬೆತಿಯ ಫೆರಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆಗ ಹರೆಯದಲ್ಲಿದ್ದ ಕಾಕಾ ಗುರುತಿನವರನ್ನು ತಮ್ಮ ದೋಣಿಯಲ್ಲಿ ದಾಟಿಸಿ ಬಿಡುತ್ತಿದ್ದರಂತೆ. ಇಂಜಿನ್ನು ಅವರ ದೋಣಿಗೆ ಬಂದದ್ದು ಆಮೇಲೆ. ಗೋವಾದ ಕಡಲಿನಲ್ಲಿ ಮಾತ್ರ ಇಂಜಿನ್ನಿನ ಕಥೆ ಇಷ್ಟು ಶಾಂತವಾಗಿ ನಡೆಯಲಿಲ್ಲ. 1970ರ ದಶಕದಲ್ಲಿ ಟ್ರಾಲರುಗಳು ದಂಡೆಯ ಹತ್ತಿರವೇ ಬಾಚತೊಡಗಿದಾಗ ದಂಡೆಯಿಂದ ಎಳೆಯುವ ರಾಂಪಣಿ ಬಲೆಯವರ ಪಾಲು ಬರಿದಾಯಿತು. ಮತಾನಿ ಸಾಲ್ಡಾನಾ ಅವರಂಥವರು ಮುಂದೆ ನಿಂತು ನಡೆಸಿದ ರಾಂಪಣಕಾರರ ಹೋರಾಟದ ಹಿನ್ನೆಲೆಯಲ್ಲಿ 1980ರಲ್ಲಿ ಕಾನೂನು ಬಂದು, ದಂಡೆಗೆ ಹತ್ತಿರದ ನೀರು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಾಯಿತು. ಆದರೆ ಅಷ್ಟರಲ್ಲಿ ಮೀನು ದೂರ ಸರಿದಿತ್ತು. ತೋಳಿನ ಬಲದಲ್ಲಿ ತಲುಪಲಾಗದಷ್ಟು ದೂರ. ಹಾಗೆ ಒಂದೊಂದೇ ದೋಣಿಯ ಬೆನ್ನಿಗೆ ಮಶೀನ್ ಏರಿತು. ಗಂಗೊಳ್ಳಿ, ಹೊನ್ನಾವರದ ನಮ್ಮ ನಾಡದೋಣಿಯವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಆಸೆಯಿಂದ ಕೊಂಡವರಿಗಿಂತ ಬೇರೆ ದಾರಿಯಿಲ್ಲದೆ ಕೊಂಡವರೇ ಹೆಚ್ಚು ಎಂದು ನನ್ನ ತಿಳಿವಳಿಕೆ.

ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಯಾಂತ್ರಿಕ ದೋಣಿ ಇಳಿಯುವಂತಿಲ್ಲ. ಹೊಳೆಯಲ್ಲೂ ಆಗ ಘಟ್ಟದ ಕೆಂಪು ನೀರಿನ ರಭಸ. ಕಾಕಾ ದೋಣಿಯನ್ನು ಮೇಲಕ್ಕೆಳೆದು ತೆಂಗಿನ ಮಡಲಿನ ತಟ್ಟಿ ಹೊದಿಸುತ್ತಾರೆ. ಜೂನ್ 29ರ ಸಾಂ ಪೆದ್ರು ಹಬ್ಬಕ್ಕೆ ಎರಡು ದೋಣಿ ಜೋಡಿಸಿ ಕಟ್ಟಿ, ಸಾಂಗಡ ಮಾಡಿ, ಹಾಡುತ್ತ ನೀರಿಗಿಳಿಯುವವರನ್ನು ನೋಡಲು ನಾವೆಲ್ಲ ಹೋಗುತ್ತೇವೆ. ಅಷ್ಟೊತ್ತಿಗೆ ಇಂಜಿನ್ನು ಮನೆಯ ಮೂಲೆಯಲ್ಲಿ ಮರದ ಚೌಕಟ್ಟಿಗೆ ನೇತಾಡುತ್ತಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ಒಳಗಿನ ನೀರು ಇಳಿದುಹೋಗಬೇಕಲ್ಲ. ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಹಗ್ಗವನ್ನು ಮೆಲ್ಲಗೆ ಎಳೆದು ಒಳಗೆಲ್ಲ ಸವರುತ್ತಾರೆ. ಗೇರಿನ ಆಯಿಲ್ ತೆಗೆದು ನೋಡುತ್ತಾರೆ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಲ್ಲಿ ನೀರು ನುಗ್ಗಿದೆ.

ಮುಂಚೆ ಇಷ್ಟು ಮಾಡಿಟ್ಟರೆ ಸಾಕಿತ್ತಂತೆ. ಈಚೆಗೆ ಪೆಟ್ರೋಲನ್ನೂ ಉಳಿಸಿಡುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ ಬಿಡುಗಡೆಯಾದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಕಡೆ ಬಂದಿದೆ. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣ. ಗೋವಾದ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ? ಹೀರಿ ಹೀರಿ ಒಂದು ಮಿತಿ ದಾಟಿದಾಗ ನೀರೂ ಎಥನಾಲೂ ಜೊತೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ನಿಲ್ಲುತ್ತವೆ, ಇಂಜಿನ್ನು ಮೊದಲು ಕುಡಿಯುವುದು ಅದನ್ನೇ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಅದರ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಹೊಸ ತರಹದವಕ್ಕೆ 50 ಪಾಲಿಗೆ ಒಂದು, ಹಳೆಯವು ಕೆಲವಕ್ಕೆ ಅದರ ದುಪ್ಪಟ್ಟು. ತಳದ ನೀರಿನ ಜೊತೆ ಆಯಿಲ್ ಹೋಗುವುದಿಲ್ಲ, ಪಿಸ್ಟನ್ನು ಒಣಗಿಯೇ ಉಜ್ಜುತ್ತದೆ. ಹಳೆಯ ಕೊಳವೆಯ ರಬ್ಬರೂ ಎಥನಾಲಿಗೆ ಮೆತ್ತಗಾಗುತ್ತದೆ. ರೋಣದ ಮಿಸ್ತ್ರಿ ನೂಲು ಹುಣ್ಣಿಮೆಯ ಹಿಂದೆಮುಂದೆ ಬಂದಾಗ ಮೊದಲು ಮಾಡುವ ಕೆಲಸ ಟ್ಯಾಂಕು ಬರಿದು ಮಾಡುವುದು. ಆ ಹುಣ್ಣಿಮೆಗೇ ಇಲ್ಲಿ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮು ತೊಡಗುವುದು.

ಇಲ್ಲಿಯವರೆಗೆ ಹೇಳಿದ ಎಳೆತ ಕಾಕಾನದು. ಈಗೀಗ ಹಗ್ಗ ಎಳೆಯುವವರು ಅವರಲ್ಲ. ಅವರ ಬಲಭುಜ ಮೇಲೇಳುವುದಿಲ್ಲ. ಮಗ ಹಡಗಿನ ಕೆಲಸಕ್ಕೆ ಹೋದವನು ವರುಷಕ್ಕೊಮ್ಮೆ ಬರುತ್ತಾನೆ. ಸೊಸೆ ಚೊಡಣದವಳು, ತಿಸ್ರೆ ಚಿಪ್ಪು ಆಯುವವರ ಮನೆಯಿಂದ ಬಂದವಳು, ನೀರು ಗೊತ್ತಿದ್ದವಳು. ಅವಳ ಎಳೆತ ನೋಡಬೇಕು. ಮೊದಲು ಹಗ್ಗವನ್ನು ಮೆಲ್ಲಗೆ, ಕೈಗೆ ಬಿಗಿ ಸಿಗುವ ತನಕ ತರುತ್ತಾಳೆ. ಅಲ್ಲಿ ಪಿಸ್ಟನ್ನು ಮೇಲೇರಿ ಗಾಳಿಯನ್ನು ಒತ್ತಿ ನಿಂತಿರುತ್ತದೆ. ಅಲ್ಲಿಂದ ಒಂದಿಷ್ಟು ಬಿಟ್ಟುಕೊಟ್ಟು, ಕಾಲು ಹಲಗೆಗೆ ಆನಿಸಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಒಂದೇ ಜಗ್ಗು. ಬರೀ ತೋಳಿನಿಂದ ಎಳೆದಿದ್ದರೆ ಅವಳಿಗೆ ಆಗುತ್ತಿರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಾರೆ. ಏನೂ ಹೇಳಿಕೊಡುವುದಿಲ್ಲ, ಹೇಳಬೇಕಾದದ್ದು ಉಳಿದಿಲ್ಲ. ಸಂಜೆ ಡ್ರಮ್ಮಿಗೆ ನೀರು ತುಂಬುವವಳೂ ಅವಳೇ. ಆ ಮನೆಯಲ್ಲಿ ಆ ವಿದ್ಯೆ ಇನ್ನೊಂದು ಕೈಗೆ ದಾಟಿದ್ದನ್ನು ಕಂಡು ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಹೊಸ ನಾಲ್ಕು ಸ್ಟ್ರೋಕಿನದು ಕೊಳ್ಳುವ ಮಾತು ಮನೆಯಲ್ಲಿ ಆಗಾಗ ಏಳುತ್ತದೆ. ಗುಂಡಿ ಒತ್ತಿದರೆ ಏಳುವಂಥದು, ಹೊಗೆ ಕಡಿಮೆ, ಎಣ್ಣೆ ಉಳಿತಾಯ. ಬರಲಿ, ಬರಬೇಕಾದದ್ದೇ. ಸೀಮೆಎಣ್ಣೆ ಸಿಗುವುದೂ ದಿನದಿನಕ್ಕೆ ಕಷ್ಟವಾಗಿದೆ. ಚೌತಿ ಕಳೆಯಲಿ ಎಂದು ಕಾಕಾ, ಮಗ ಬರಲಿ ಎಂದು ಸೊಸೆ.

ಮೊನ್ನೆ ತಂಗಿಯ ಮನೆಯ ಮದುವೆಗೆಂದು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದೆ. ಸೊಸೆ ಬೇಲಿಯ ಹತ್ತಿರ ಬಂದು ಕಾಗದದಲ್ಲಿ ಸುತ್ತಿದ ಹಳೆಯ ಪ್ಲಗ್ಗೊಂದನ್ನು ಕೈಗಿಟ್ಟಳು. "ಮಾಸ್ತರ, ಅಲ್ಲಿ ಇಂಥದು ಸಿಗುತ್ತದೋ ನೋಡಿ. ಎರಡು ತನ್ನಿ. ಥ್ರೆಡ್ ಕೂತಿತು ಎಂದು ಬೇರೆ ನಂಬರಿನದು ತರಬೇಡಿ, ಅದು ಬಿಸಿ ತಡೆಯುವ ಬಗೆ ಬೇರೆ ಇರುತ್ತದೆ. ಇದೇ ನಂಬರು ಬೇಕು." ಬಿಳಿ ಪಿಂಗಾಣಿಯ ಮೇಲೆ ನಂಬರು ಮಸಿಯಡಿ ಮುಚ್ಚಿಹೋಗಿತ್ತು. ಬಸ್ಸಿನಲ್ಲಿ ಕರವಸ್ತ್ರದಿಂದ ಉಜ್ಜಿ ಉಜ್ಜಿ, ಅನಮೋಡ ಘಟ್ಟ ಹತ್ತುವಷ್ಟರಲ್ಲಿ ಓದಲು ಬರುವಂತೆ ಮಾಡಿಕೊಂಡೆ.